ಹಸಿವಾಗುವ ತನಕ ಕೇಳುವ ದನಿ

ಹುಚ್ಚೆಳ್ಳು ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಚಿಕ್ಕಂದಿನಲ್ಲಿ ಆ ವಾಸನೆಗೆ ಒಂದೇ ಅರ್ಥವಿತ್ತು: ಅಜ್ಜಿಗೆ ಏನೋ ಹೇಳುವುದಿದೆ. ಬಾಣಲೆಯಲ್ಲಿ ಕಾಳು ಚಟಪಟ ಸಿಡಿದು, ಅದರ ಕಮಟು ಘಮ ಹಿತ್ತಲು ದಾಟಿ ನಾವು ಕುಂಟೆಬಿಲ್ಲೆ ಆಡುವ ಓಣಿಯವರೆಗೂ ಬರುತ್ತಿತ್ತು. ನಾವು ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಇವತ್ತು ಯಾರಿಗೆ ಮಂಗಳಾರತಿಯೋ! ತಪ್ಪು ಮಾಡಿದವರು ಹೊಟ್ಟೆನೋವೆಂದು ಹೇಳಿ ಮಲಗಿಬಿಡುತ್ತಿದ್ದರು. ಉಣ್ಣದಿದ್ದರೆ ಅಜ್ಜಿಯ ಮಾತು ಕೇಳಿಸುವುದಿಲ್ಲವಲ್ಲ. ಆದರೆ ಬಿಸಿ ರಾಗಿರೊಟ್ಟಿ, ಅದರ ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಪುಡಿ. ಎಷ್ಟು ಹೊತ್ತೆಂದು ಹೊಟ್ಟೆನೋವು ನಟಿಸುವುದು? ಸೋತು ಒಂದು ತುತ್ತು ಬಾಯಿಗಿಟ್ಟ ಕೂಡಲೇ ಅಜ್ಜಿಯ ದನಿ ಕಿವಿಗೆ ಬೀಳುತ್ತಿತ್ತು, ಅದೂ ಅರ್ಧ ವಾಕ್ಯದಿಂದ. ಅವಳು ಬೈಯಲು ಶುರುಮಾಡಿ ಆಗಲೇ ಬಹಳ ಹೊತ್ತಾಗಿರುತ್ತಿತ್ತು.

ನಮ್ಮ ಊರಿನಲ್ಲಿ ಹಾಗೆಯೇ. ಒಂದು ವಯಸ್ಸಾದ ಮೇಲೆ ದನಿ ಇಳಿಯುತ್ತದೆ. ಇಳಿದ ದನಿ, ಅವರೊಡನೆ ಒಂದೇ ಪಾತ್ರೆಯದನ್ನು ಉಂಡವರಿಗೆ ಮಾತ್ರ ಕೇಳುತ್ತದೆ. ಅದೂ ಉಂಡವರಿಗೆ ಮತ್ತೆ ಹಸಿವಾಗುವ ತನಕ. ದನಿ ಇಳಿದವರ ನಡುವೆ ಈ ತಾಪತ್ರಯವಿಲ್ಲ, ಅವರ ಮಾತು ಅವರಿಗೆ ಕೇಳುತ್ತದೆ. ಸಂಜೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಹತ್ತಾರು ಮುದುಕರು ಕೈ ಬೀಸಿ, ತೊಡೆ ತಟ್ಟಿ ಜಗಳವಾಡುತ್ತಿದ್ದರೆ, ಪಕ್ಕದಲ್ಲಿ ಓಡುವ ಹುಡುಗರಿಗೆ ಬರೀ ಗುಬ್ಬಿಗಳ ಸದ್ದು. ಊರು ಇದಕ್ಕೆ ಒಗ್ಗಿಕೊಂಡಿದೆ. ವಕೀಲರ ಮೇಜಿನ ಮೇಲೆ ಮಂಡಕ್ಕಿ ಡಬ್ಬ ಇರುತ್ತದೆ. ಬಸ್ಸಿನ ಕಂಡಕ್ಟರು ಜೇಬಿನಲ್ಲಿ ಕಡಲೆಕಾಯಿ ಇಟ್ಟುಕೊಂಡು, ಮುದುಕಿಯರ ಅಂಗೈಗೆ ನಾಲ್ಕು ಹಾಕಿ ತಾನೂ ನಾಲ್ಕು ಬಾಯಿಗೆ ಎಸೆದುಕೊಂಡು, "ಎಲ್ಲಿಗಜ್ಜಿ?" ಎಂದು ಕೇಳುತ್ತಾನೆ. ಅಪ್ಪನ ಬುದ್ಧಿವಾದ ಬೇಡವಾದ ಗಂಡಸರು ಹೋಟೆಲಿನಲ್ಲಿ ಉಣ್ಣುತ್ತಾರೆ; ಅಲ್ಲಿನ ಮಾಣಿ ನೀರು ಇಡುತ್ತಾ, "ಮನೇಲಿ ಯಾರ ಜೊತೆ ಸಾರ್ ಮುನಿಸು?" ಎನ್ನುತ್ತಾನೆ.

ನನ್ನ ದನಿ ಇಳಿದದ್ದು ಹಾಲಿನವನ ಮುಂದೆ. ನಾಳೆ ಅರ್ಧ ಲೀಟರ್ ಹೆಚ್ಚು ಹಾಕಪ್ಪ ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತ. ಮತ್ತೆ ಹೇಳಿದೆ. ಅವನಿಗೆ ಅರ್ಥವಾಯಿತು, ನನಗಿಂತ ಮೊದಲೇ. ಆದರೆ ಅಯ್ಯೋ ಪಾಪ ಎನ್ನಲಿಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, "ಅಮ್ಮಾ, ಬೆಳಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ, ಒಳಗೆ ಏನಾದ್ರೂ ಇದ್ರೆ ಕೊಡ್ತೀರಾ?" ಎಂದು ಜಗಲಿಯ ಮೇಲೆ ಕುಳಿತ. ಅವತ್ತು ಉಪ್ಪಿಟ್ಟು ಮಾಡಿದ್ದೆ. ಇಬ್ಬರೂ ತಿಂದೆವು. ಆಮೇಲೆ ಅವನು ಏನೂ ಆಗದವನ ಹಾಗೆ, "ನಾಳೆಗೆ ಎಷ್ಟು ಅಂದ್ರಿ?" ಎಂದ. ಇಂಥ ಜನ ಇರುವುದರಿಂದ ಈ ಊರು ನಡೆಯುತ್ತಿದೆ. ವಿಶ್ವವಿದ್ಯಾಲಯದಿಂದಂತೂ ಖಂಡಿತ ಅಲ್ಲ.

ವಿಶ್ವವಿದ್ಯಾಲಯದ ಮಾತು ಯಾಕೆ ಬಂತೆಂದರೆ, ನಾನು ಅಲ್ಲಿಯವಳೇ. ಮುಪ್ಪಿನ ಅಧ್ಯಯನ ಕೇಂದ್ರಕ್ಕೆ ಬಹಳ ಕಾಲ ನಿರ್ದೇಶಕಿಯಾಗಿದ್ದೆ. ಊರ ನಡುವಿನ ಹಳೆಯ ಛತ್ರವೊಂದನ್ನು ನಮಗೆ ಕೊಟ್ಟಿದ್ದರು. ಅದರ ಪಡಸಾಲೆಯೇ ನಮ್ಮ ಪ್ರಯೋಗಶಾಲೆ. ಮಧ್ಯಾಹ್ನ ಎಲೆ ಹಾಕುತ್ತಿದ್ದೆವು. ದನಿ ಇಳಿದವರು ಒಂದು ಸಾಲು, ಸಂಶೋಧಕರು ಎದುರು ಸಾಲು, ಅಡುಗೆಯ ಸಾಕಮ್ಮನ ಒಂದೇ ಹಂಡೆಯ ಅನ್ನ, ಒಂದೇ ಹಂಡೆಯ ಹುಳಿ. ಊಟವಾದ ಮೇಲೆ ಕೈ ತೊಳೆದು, ಹಸಿವಾಗುವ ತನಕ ಪ್ರಶ್ನೆ, ಉತ್ತರ. ಸಾಕಮ್ಮ ಹಂಡೆಗೆ ಉಪ್ಪು ಹಾಕುವುದಿಲ್ಲ, ಎಲೆಯ ಮೂಲೆಗೆ ಬಡಿಸುತ್ತಾಳೆ. ಬೇಕಾದವರು ಕಲಸಿಕೊಳ್ಳಬಹುದು, ಡಾಕ್ಟರು ಬೇಡವೆಂದವರು ಬಿಡಬಹುದು. ಕೇಂದ್ರದಿಂದ ಬಂದ ಪುಸ್ತಕಗಳೆಲ್ಲ ಆ ಪಡಸಾಲೆಯಲ್ಲಿ ಹುಟ್ಟಿದವು. ನಾನು ನಿವೃತ್ತಳಾದ ಮೇಲೆ ವಿಶ್ವವಿದ್ಯಾಲಯದವರು ನನ್ನನ್ನು ಮಾರ್ಗದರ್ಶಿಯಾಗಿ ನೇಮಿಸಿದರು. ಹೊಸದಾಗಿ ಬರುವ ನಿರ್ದೇಶಕರಿಗೆ ಕೈ ಹಿಡಿದು ದಾರಿ ತೋರಿಸುವ ಕೆಲಸ. ದನಿ ಇಳಿದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರು ಹುಡುಕಿಯಾರು?

ಬಂದವರೆಲ್ಲ ಹೊರಗಿನವರು, ಓದಿಕೊಂಡವರು, ಒಳ್ಳೆಯವರು. ಆದರೆ ಮಕ್ಕಳಿಗೆ ಅನ್ನ ತಿನ್ನಿಸುವುದಕ್ಕಿಂತ ನಿರ್ದೇಶಕರಿಗೆ ಅನ್ನ ತಿನ್ನಿಸುವುದು ಕಷ್ಟ. ಮೊದಲು ಬಂದವರು ತಮ್ಮ ಮನೆಯ ಕ್ಯಾರಿಯರ್ ತಂದು ನಮ್ಮ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದರು. ಜೊತೆಯಲ್ಲಿ ಕುಳಿತರೆ ಸಾಕೆಂದು ಅವರ ನಂಬಿಕೆ. ಆರು ತಿಂಗಳು ನಾನು ಮಾತಾಡಿದೆ, ಅವರು ತಲೆದೂಗಿದರು. ಬೀಳ್ಕೊಡುಗೆಯ ದಿನ ಲಡ್ಡು ಹಂಚಿದಾಗ ಮೊದಲ ಸಲ ನನ್ನ ದನಿ ಅವರ ಕಿವಿಗೆ ಬಿತ್ತು. "ಮೇಡಂ, ನೀವು ಇಷ್ಟು ಮಾತಾಡ್ತೀರಾ?" ಎಂದರು. ಎರಡನೆಯವರಿಗೆ ಊಟ ಬಹಳ ಪ್ರೀತಿ. ಸಾಕಮ್ಮನ ಹುಳಿ ಎರಡು ಸಲ ಹಾಕಿಸಿಕೊಂಡು, ಪ್ರಶ್ನೆ ಕೇಳುವ ಹೊತ್ತಿಗೆ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಹಸಿವಂತೂ ಬೇಗ ಆಗುತ್ತಿರಲಿಲ್ಲ, ಎಚ್ಚರವೂ ಆಗುತ್ತಿರಲಿಲ್ಲ.

ಈ ಸಲ ವಿಶ್ವವಿದ್ಯಾಲಯಕ್ಕೆ ಜ್ಞಾನೋದಯವಾಗಿ, ಇಂಥ ಎಲ್ಲ ಕೇಂದ್ರಗಳ ಹೊಸ ನಿರ್ದೇಶಕರಿಗೂ ಒಂದು ದಿನದ ತರಬೇತಿ ಇಟ್ಟರು. ನನ್ನಂಥ ಹಳಬರು ಕೆಲವರು ವೇದಿಕೆಯ ಮೇಲೆ, ಹೊಸಬರು ಕೆಳಗೆ. ಬೆಳಗಿನ ತಿಂಡಿ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ, ಹೋಟೆಲಿನಿಂದ ತರಿಸಿದ್ದು, ಮುಚ್ಚಳಕ್ಕೆ ಟೇಪು ಅಂಟಿಸಿದ್ದು. ಶುಚಿಯಾಗಿರಲೆಂದು. ಮುಚ್ಚಿದ ಪೊಟ್ಟಣವೆಂದರೆ ಒಬ್ಬೊಬ್ಬರದೂ ಬೇರೆ ಪಾತ್ರೆಯ ಲೆಕ್ಕ; ನಾವು ಪೊಟ್ಟಣ ನೋಡಿ ಒಬ್ಬರನ್ನೊಬ್ಬರು ನೋಡಿದೆವು. ನನ್ನ ಸರದಿ ಬಂದಾಗ ಎದ್ದು, ತಂಡ ಕಟ್ಟುವುದು ಹೇಗೆ, ಯಾರ ಮಾತನ್ನು ಮೊದಲು ಕೇಳಬೇಕು, ಅನುದಾನ ಕೊಡುವವರಿಗೆ ಯಾವಾಗ ಆಗುವುದಿಲ್ಲ ಎನ್ನಬೇಕು ಎಂದೆಲ್ಲ ಮನಮುಟ್ಟುವಂತೆ ಮಾತಾಡಿದೆ. ಮುಂದಿನ ಸಾಲಿನವರು ಕಣ್ಣು ಮಿಟುಕಿಸದೆ ನನ್ನ ತುಟಿಗಳನ್ನು ನೋಡುತ್ತಿದ್ದರು. ನಾನು ಕುಳಿತಾಗ ಜೋರಾಗಿ ಚಪ್ಪಾಳೆ. ಪಕ್ಕದಲ್ಲಿದ್ದ ಬೇರೆ ಊರಿನ ಹಳೆಯ ನಿರ್ದೇಶಕರು, "ನೀವು ಇವರನ್ನ ಬೈದಿದ್ದರೂ ಇಷ್ಟೇ ಚಪ್ಪಾಳೆ ಬರ್ತಿತ್ತು" ಎಂದರು. ತಮ್ಮ ಸರದಿಯಲ್ಲಿ ಅವರು ನಿಜವಾಗಿಯೂ ಬೈದರು. ಚಪ್ಪಾಳೆ ಅಷ್ಟೇ ಬಂತು.

ಆ ಮುಂದಿನ ಸಾಲಿನಲ್ಲಿ ಕುಳಿತು, ಎಲ್ಲರಿಗಿಂತ ಕೊನೆಯವರೆಗೂ ಚಪ್ಪಾಳೆ ತಟ್ಟಿದವಳೇ ಡಾ. ಶಾಲ್ಮಲಿ. ನಮ್ಮ ಕೇಂದ್ರದ ಹೊಸ ನಿರ್ದೇಶಕಿ. ನಲವತ್ತರ ಒಳಗಿನವಳು, ತೆಳ್ಳಗೆ, ಯಾವಾಗಲೂ ತೋಳು ಮಡಚಿದ ಹತ್ತಿಯ ಕುರ್ತಾ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಬಂದಾಗ ಎದ್ದು ನಿಲ್ಲುತ್ತಿದ್ದಳು. ನನ್ನ ಚೀಲ ತಾನೇ ಹಿಡಿದುಕೊಳ್ಳುತ್ತಿದ್ದಳು. ಫ್ಯಾನಿನ ಗಾಳಿ ನೇರ ಬಡಿಯದ ಜಾಗದಲ್ಲಿ ನನ್ನ ಕುರ್ಚಿ ಹಾಕಿಸಿದ್ದಳು, ನಾನು ಕೇಳದೆಯೇ. ಒಂದು ಮಾತ್ರ ಮಾಡುತ್ತಿರಲಿಲ್ಲ. ನಮ್ಮೊಡನೆ ಉಣ್ಣುತ್ತಿರಲಿಲ್ಲ.

"ತಪ್ಪು ತಿಳಿಯಬೇಡಿ ಮೇಡಂ," ಎಂದಳು ಮೊದಲ ದಿನವೇ. "ಸಂಶೋಧಕರು ಮಾಹಿತಿ ಕೊಡೋರಿಂದ ಏನನ್ನೂ ತಗೋಬಾರದು. ಒಂದು ಲೋಟ ಮಜ್ಜಿಗೆ ಕೂಡ. ತಗೊಂಡರೆ ಋಣ ಆಗುತ್ತೆ, ಋಣ ಬಂದರೆ ಉತ್ತರ ವಾಲುತ್ತೆ. ಒಂದೇ ಸಾಲಲ್ಲಿ ಕೂತು ಉಂಡು ಆಮೇಲೆ ನಿಷ್ಪಕ್ಷಪಾತವಾಗಿ ಬರೀತೀವಿ ಅಂದರೆ ಹೊರಗಿನವರು ನಗ್ತಾರೆ."

ಹಂಡೆ ಕೇಂದ್ರದ್ದಮ್ಮ, ಅಕ್ಕಿ ವಿಶ್ವವಿದ್ಯಾಲಯದ್ದು, ಋಣ ಯಾರದು ಎಂದು ನಾನು ಹೇಳಿದೆ. ಅವಳು ವಿನಯದಿಂದ ನನ್ನ ತುಟಿಗಳನ್ನು ನೋಡಿ, "ಖಂಡಿತ ಮೇಡಂ" ಎಂದಳು.

ನಾನು ಮಾಡದ ಉಪಾಯವಿಲ್ಲ. ಬಾಳೆಹಣ್ಣಿನ ರಸಾಯನ ಕೊಟ್ಟೆ. ಸಕ್ಕರೆ ಬೇಡ ಎಂದಳು. ದೇವರ ಪ್ರಸಾದವೆಂದು ಕಡಲೆ ಉಸಲಿ ತಂದೆ. ಕಣ್ಣಿಗೊತ್ತಿಕೊಂಡು ಜವಾನನಿಗೆ ಕೊಟ್ಟಳು, ಅದಾದ ಮೇಲೆ ಸಂಜೆಯವರೆಗೂ ಆ ಜವಾನನೇ ನನ್ನ ಮಾರ್ಗದರ್ಶನ ಪಡೆಯಬೇಕಾಯಿತು. ಕಾಫಿ ಕುಡಿಯುತ್ತಿದ್ದಳು, ಆದರೆ ಕಾಫಿ ಲೆಕ್ಕಕ್ಕಿಲ್ಲ. ಹಲ್ಲಿಗೆ ಕೆಲಸ ಬೇಕು. ಕೊನೆಗೆ ಬರೆದು ಕೊಟ್ಟೆ. ಚೀಟಿಗಳನ್ನು ಗೌರವದಿಂದ ಓದಿ, ದಿನಾಂಕ ಹಾಕಿ, ಕಡತದಲ್ಲಿ ಇಟ್ಟಳು. ಬರೆದದ್ದನ್ನು ಜನ ಓದುತ್ತಾರೆ, ಕೇಳುವುದಿಲ್ಲ. ನನ್ನ ಪರವಾಗಿ ಸಾಕಮ್ಮನನ್ನು ಕಳಿಸಿದೆ. ಅವಳು ವಾಪಸ್ಸು ಬಂದು ಸೌಟು ಕುಕ್ಕಿದಳು. "ಅಡುಗೆಯೋಳೇ ಬಂದು ಅಡುಗೆಮನೆ ಇರ್ಲಿ ಅಂದ್ರೆ ಏನಂತಾರೆ ಅಮ್ಮಾವ್ರೇ? ಇದು ನಿಮ್ಮ ಮಾತೋ ಮೇಡಂ ಮಾತೋ ಅಂತ ಕೇಳಿದ್ರು. ನಗ್ತಾನೇ ಕೇಳಿದ್ರು, ಅದೇ ಬ್ಯಾಸರ." ಕಿರಿಯ ಸಂಶೋಧಕರಿಗೆ ಹೇಳಿಕೊಟ್ಟೆ. ಅವರು ಊಟದ ಸಾಲಿನಲ್ಲಿ ಹುಲಿಗಳು, ನಿರ್ದೇಶಕಿಯ ಬಾಗಿಲಲ್ಲಿ ಇಲಿಗಳು.

ಅಷ್ಟರಲ್ಲಿ ಕೈಪಟ್ಟಿಗಳು ಬಂದವು. ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟುವಂಥವು. ಯಾರು ಎಷ್ಟು ನಡೆದರು, ಎಷ್ಟು ಮಲಗಿದರು, ಎದೆ ಎಷ್ಟು ಬಡಿಯಿತು, ಎಲ್ಲವೂ ಶಾಲ್ಮಲಿಯ ಪರದೆಯ ಮೇಲೆ ಗೆರೆಗಳಾಗಿ ಮೂಡುತ್ತಿತ್ತು. ಇನ್ನು ಮೇಲೆ ಊಟದ ಅವಶ್ಯಕತೆಯಿಲ್ಲ, ಪಡಸಾಲೆಯಲ್ಲಿ ಕಂಪ್ಯೂಟರುಗಳನ್ನು ಇಡಬಹುದು, ಸಾಕಮ್ಮನಿಗೆ ವಿದ್ಯಾರ್ಥಿನಿಲಯದಲ್ಲಿ ಕೆಲಸ ಕೊಡಿಸಬಹುದು ಎಂದು ಅವಳು ತೀರ್ಮಾನಿಸಿದಳು. ಶುಕ್ರವಾರದ ಆಡಳಿತ ಮಂಡಳಿ ಸಭೆಯಲ್ಲಿ ಒಪ್ಪಿಗೆ ಸಿಕ್ಕಿಬಿಟ್ಟರೆ ಎಲೆ ಹಾಕುವುದು ಅಲ್ಲಿಗೆ ಮುಗಿಯಿತು.

ಇದು ನನಗಿಂತ ಹೆಚ್ಚು ಚೆನ್ನವೀರಪ್ಪನವರಿಗೆ ತಟ್ಟುವ ವಿಷಯ. ಅವರು ನಮ್ಮ ಸಾಲಿನ ಹಳೆಯ ಎಲೆ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಬಸ್ಸುಗಳನ್ನು ಕೂಗುವ ಕೆಲಸ ಮಾಡಿದವರು. 'ಪ್ರಯಾಣಿಕರ ಗಮನಕ್ಕೆ' ಎಂಬ ಅವರ ಒಂದು ಕೂಗಿಗೆ ಇಡೀ ಪೇಟೆ ತಲೆಯೆತ್ತುತ್ತಿದ್ದ ಕಾಲವಿತ್ತು. ದನಿ ಇಳಿದ ಮೇಲೂ ಅವರಿಗೆ ಮನೆಯಲ್ಲಿ ಕೊರತೆಯಿರಲಿಲ್ಲ. ಸೊಸೆ ಉಮಾವತಿ ಬಂಗಾರದಂಥವಳು, ಮಾವನ ಕಥೆ ಕೇಳಲೆಂದೇ ಅವರ ತಟ್ಟೆಯ ಪಕ್ಕ ತಟ್ಟೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಡಾಕ್ಟರು ರಕ್ತದೊತ್ತಡ ನೋಡಿ ಉಪ್ಪು ಮುಟ್ಟಕೂಡದೆಂದರು. ಉಮಾವತಿ ಅಂದೇ ಪೇಟೆಗೆ ಹೋಗಿ ಮಾವನಿಗೆಂದೇ ಒಂದು ಪುಟ್ಟ ಕುಕ್ಕರ್ ತಂದಳು. ಅವರ ಅನ್ನ, ಅವರ ಸಾರು, ಎಲ್ಲ ಅದರಲ್ಲೇ ಬೇರೆ. ಅಷ್ಟೇ. ಆ ದಿನದಿಂದ ಮನೆಯಲ್ಲಿ ಯಾರಿಗೂ ಅವರ ಮಾತು ಕೇಳುವುದಿಲ್ಲ. ಕುಕ್ಕರ್ ಬೇಡಮ್ಮ ಎಂದು ಹೇಳೋಣವೆಂದರೆ, ಆ ಮಾತು ಕೇಳಬೇಕಾದರೂ ಅವಳು ಆ ಕುಕ್ಕರಿನದನ್ನೇ ಉಣ್ಣಬೇಕು. ಕಾಗದದ ಮೇಲೆ ಬರೆದು ತೋರಿಸಿದರು. ಅವಳು ಓದಿ, ಕಣ್ಣಲ್ಲಿ ನೀರು ತಂದುಕೊಂಡು, "ನಂಗೇನೂ ತೊಂದ್ರೆ ಇಲ್ಲ ಮಾವ, ನಿಮ್ಮ ಆರೋಗ್ಯ ಮುಖ್ಯ" ಎಂದು ಇನ್ನೂ ಒಂದು ಪುಟ್ಟ ಬಾಣಲೆ ತಂದಳು.

ಬುಧವಾರ ಕೈ ತೊಳೆದು ಬಂದ ಮೇಲೆ ಅವರು ನನ್ನ ಪಕ್ಕ ಕುಳಿತು ಕೈಪಟ್ಟಿ ತೋರಿಸಿದರು. "ನೋಡಿದ್ರಾ ಮೇಡಂ? ನಾನು ಊರಿಗೇ ಫಸ್ಟ್ ಅಂತೆ. ಇಷ್ಟು ಓಡಾಡೋ ಮುದುಕ ಇನ್ನೊಬ್ಬ ಇಲ್ವಂತೆ. ನಿಮ್ಮ ಡೈರೆಕ್ಟರ್ ಕೈ ಕುಲುಕಿದ್ರು."

"ಎಲ್ಲಿಗೆ ಓಡಾಡ್ತೀರಿ?"

"ಎಲ್ಲಿಗೆ ಅಂದ್ರೆ? ಸೊಸೆ ಅಡುಗೆಮನೆಯಿಂದ ಹಿತ್ತಲಿಗೆ ಹೋಗ್ತಾಳೆ, ನಾನು ಹೇಳ್ತಾ ಹಿಂದೆ ಹೋಗ್ತೀನಿ. ಹಿತ್ತಲಿಂದ ಮಹಡಿಗೆ ಹೋಗ್ತಾಳೆ, ನಾನೂ ಮಹಡಿಗೆ. ಮಗ ಗೇಟಿಗೆ ಹೋದ್ರೆ ಗೇಟಿಗೆ. ಒಂದು ಮಾತು ಮುಗಿಸೋದ್ರಲ್ಲಿ ಅರ್ಧ ಊರು ಸುತ್ತಿದಂಗೆ ಆಗುತ್ತೆ." ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಸಾಲಾಗಿ ಮಡಚಿದ್ದ ಎಲೆಗಳನ್ನು ನೋಡಿದರು. "ಇಲ್ಲಿ ಒಂದು ಹೊತ್ತು ಮಾತಾಡ್ತೀನಿ, ಅದರ ಮೇಲೆ ಉಳಿದ ಹೊತ್ತು ದೂಡ್ತೀನಿ. ಇದೂ ಮುಚ್ಚಿದ್ರೆ ಉದ್ಯಾನದ ಬೆಂಚೇ ಗತಿ. ಅಲ್ಲಿ ಹೇಳೋರೆಲ್ಲ ಮುದುಕರು, ಕೇಳೋರೂ ಮುದುಕರು. ಮೊಮ್ಮಗಳಿಗೆ ಹೇಳ್ಬೇಕಾದ್ದು ಅಲ್ಲಿ ಹೇಳಿ ಏನು ಬಂತು?"

ನನಗೆ ರೇಗಿತು. ಅವರ ಮೇಲಲ್ಲ. "ನಾನೇನು ಮಾಡಲಿ ಚೆನ್ನವೀರಪ್ಪನವರೇ? ಆ ಹುಡುಗಿ ಬಾಯಿ ತೆರೆಯೋದೇ ಇಲ್ಲ. ರಸಾಯನ ಆಯ್ತು, ಉಸಲಿ ಆಯ್ತು. ನಾನು ಮಾಡಿ ಕೊಡದ ತಿಂಡಿ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನಾಳೆ ಹೋಗಿ ಮಾರ್ಗದರ್ಶಿ ಕೆಲಸ ಬೇಡ ಅಂತ ಬರೆದುಕೊಟ್ಟು ಬರ್ತೀನಿ."

ಚೆನ್ನವೀರಪ್ಪನವರು ಹಲ್ಲುಕಡ್ಡಿ ತೆಗೆದು ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು. "ನೀವು ಯಾವತ್ತೂ ಬಡಿಸೋರೇ ಮೇಡಂ. ಸೌಟು ನಿಮ್ಮ ಕೈಯಲ್ಲೇ ಇರ್ಬೇಕು. ಆಯಮ್ಮ ತಗೋಬಾರದು ಅಂತ ತಾನೆ ಹೇಳೋದು? ಒಂದು ಸಲ ನೀವು ಕೈ ಚಾಚಿ ನೋಡಿ."

ನಮ್ಮೊಡನೆಯೇ ಉಂಡು, ಹಿಂದೆ ಹಂಡೆ ಉಜ್ಜುತ್ತಿದ್ದ ಸಾಕಮ್ಮ, "ಅಮ್ಮಾವ್ರು ಕೇಳಿ ತಿನ್ನೋದಾ? ನಾಳೆ ಸೂರ್ಯ ಯಾವ ಕಡೆ ಹುಟ್ತಾನೋ ನೋಡ್ಕೊಂಡು ಹೋಗಿ" ಎಂದಳು.

ಒಂದೇ ಪಾತ್ರೆ ಎಂದರೆ ನನ್ನ ಪಾತ್ರೆಯೇ ಎಂದು ಯಾರು ಹೇಳಿದ್ದರು? ಊರಿನಲ್ಲಿ ಎಲ್ಲ ಅಜ್ಜಿಯರೂ ಹುಚ್ಚೆಳ್ಳು ಹುರಿದೇ ಮಾತಾಡಿದವರು. ಬೇರೆಯವರ ಡಬ್ಬಿಗೆ ಕೈಯೊಡ್ಡಿ ಮಾತಾಡಿದವರನ್ನು ನಾನು ಕಂಡಿರಲಿಲ್ಲ.

ಗುರುವಾರ ಮಧ್ಯಾಹ್ನ ಶಾಲ್ಮಲಿಯ ಕೋಣೆಗೆ ಹೋದೆ. ಬೇಕೆಂದೇ ಊಟ ಮಾಡಿರಲಿಲ್ಲ. ಅವಳು ಎದ್ದು ಕುರ್ಚಿ ಎಳೆದುಕೊಟ್ಟಳು, ನಾಳೆಯ ಸಭೆಗೆ ಸಿದ್ಧಮಾಡುತ್ತಿದ್ದೇನೆಂದು ಹೇಳಿ ಮತ್ತೆ ಪರದೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದಳು. ಎರಡು ಚಪಾತಿ, ಹೀರೇಕಾಯಿ ಪಲ್ಯ. "ಕ್ಷಮಿಸಿ ಮೇಡಂ, ಕೆಲಸ ಮಾಡ್ತಾನೇ ತಿನ್ಬೇಕು ಇವತ್ತು. ನಿಮ್ಮದು ಆಗಿರಬೇಕಲ್ಲ" ಎಂದಳು.

ಆಗಿಲ್ಲ ಎಂದು ತಲೆಯಾಡಿಸಿದೆ. ಸಾಕಮ್ಮನಿಗೆ ಹೇಳಿ ಕಳಿಸುತ್ತೇನೆಂದು ಅವಳು ಗಂಟೆಯ ಮೇಲೆ ಕೈಯಿಟ್ಟಳು. ಬೇಡವೆಂದು ಸನ್ನೆ ಮಾಡಿದೆ. ಮುಂದಿನದು ಮಾಡಲು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ವಿದ್ಯಾರ್ಥಿಗಳ ಹೊಟ್ಟೆ ನೋಡಿಕೊಂಡವಳು ನಾನು. ಪರೀಕ್ಷೆಯ ದಿನ ಅವರಿಗೆ ಬುತ್ತಿ ಕಟ್ಟಿದವಳು. ಬಲಗೈಯನ್ನು ಸೆರಗಿನಿಂದ ಹೊರಗೆ ತಂದು, ಮೇಜಿನ ಮೇಲೆ, ಅವಳ ಡಬ್ಬಿಯ ಹತ್ತಿರ, ಅಂಗೈ ಮೇಲಾಗಿ ಇಟ್ಟೆ. ಕಿವಿ ಬಿಸಿಯಾಯಿತು.

ಶಾಲ್ಮಲಿ ನನ್ನ ಕೈ ನೋಡಿದಳು, ಡಬ್ಬಿ ನೋಡಿದಳು. ನಿಯಮ ಏನು ಹೇಳುತ್ತದೆಂದು ಅವಳು ಯೋಚಿಸುತ್ತಿರಬಹುದು ಎಂದುಕೊಂಡೆ. ಅವಳು ಯೋಚಿಸಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಿ, ಅದರಲ್ಲಿ ಒಂದು ಚಪಾತಿ ಇಟ್ಟು, ಪಲ್ಯವನ್ನು ಚಮಚದಿಂದ ಎರಡು ಭಾಗ ಮಾಡಿ, ದೊಡ್ಡ ಭಾಗ ನನ್ನ ಕಡೆಗೆ ಹಾಕಿದಳು. "ಚೆನ್ನಾಗಿರಲ್ಲ ಮೇಡಂ. ಅವಸರದಲ್ಲಿ ಮಾಡಿದ್ದು" ಎಂದಳು.

ಇಬ್ಬರೂ ತಿಂದೆವು. ನಿಜಕ್ಕೂ ಚೆನ್ನಾಗಿರಲಿಲ್ಲ.

"ಉಪ್ಪೇ ಇಲ್ಲವಲ್ಲಮ್ಮ ಇದಕ್ಕೆ," ಎಂದೆ.

"ನಂಗೆ ಬಿ.ಪಿ. ಇದೆ ಮೇಡಂ, ಈ ವಯಸ್ಸಿಗೇ..." ಎಂದವಳು ಅಲ್ಲೇ ನಿಂತಳು. ಚಪಾತಿಯ ಚೂರು ಕೈಯಲ್ಲೇ ಉಳಿಯಿತು. ನನ್ನ ತುಟಿ ನೋಡುವುದನ್ನು ಬಿಟ್ಟು ಮೊದಲ ಸಲ ನನ್ನ ಕಣ್ಣು ನೋಡಿದಳು. "ನಿಮ್ಮ ದನಿ ಹೀಗಿದೆಯಾ?"

"ಹೇಗಿದೆ?"

"ನಾನು ಮೆತ್ತಗಿರುತ್ತೆ ಅಂದ್ಕೊಂಡಿದ್ದೆ. ಬೈಯೋ ಥರ ಇದೆ."

"ಬೈಯಬೇಕು ಅಂತಲೇ ಇಷ್ಟು ದಿನದಿಂದ ಕಾಯ್ತಿದ್ದೆ," ಎಂದೆ. ಅವಳು ನಕ್ಕಳು. ನನಗೂ ನಗು ಬಂತು, ಕೂಡಲೇ ಗಾಬರಿಯೂ ಬಂತು. ತನ್ನ ಊಟದಲ್ಲಿ ಅರ್ಧ ನನಗೆ ಕೊಟ್ಟಿದ್ದಳು. ಒಂದು ಚಪಾತಿಯ ಹೊಟ್ಟೆಗೆ ಹಸಿವಾಗಲು ಎಷ್ಟು ಹೊತ್ತು ಬೇಕು? ತರಬೇತಿಯ ದಿನ ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ತಂಡ ಕಟ್ಟುವುದು, ಮೇಲಿನವರನ್ನು ನಿಭಾಯಿಸುವುದು, ನಾಯಕತ್ವದ ಹತ್ತು ಸಂಗತಿ. ಯಾವುದೂ ಬೇಡವೆನಿಸಿತು.

"ಚೆನ್ನವೀರಪ್ಪನವರ ಗೆರೆ ತೆಗಿ," ಎಂದೆ.

ಅವಳು ಪರದೆ ತಿರುಗಿಸಿದಳು. "ಇವರು ನಮ್ಮಲ್ಲಿ ಎಲ್ಲರಿಗಿಂತ ಚಟುವಟಿಕೆ ಇರೋರು ಮೇಡಂ. ಇವರನ್ನೇ ಉದಾಹರಣೆ ಅಂತ ನಾಳೆ ತೋರಿಸ್ತಿದ್ದೀನಿ."

"ಈ ಹೊತ್ತಿಗೆ ಯಾಕೆ ಇಷ್ಟು ಏರಿದೆ ಗೊತ್ತಾ? ಅದು ಸೊಸೆ ಬಟ್ಟೆ ಒಣಗಿಸೋಕೆ ಮಹಡಿ ಹತ್ತೋ ಹೊತ್ತು. ಇವರು ಮಾತಾಡ್ತಾ ಅವಳ ಹಿಂದೆ ಹತ್ತುತ್ತಾರೆ. ಅವಳು ಇಳೀತಾಳೆ, ಇವರೂ ಇಳೀತಾರೆ. ಮಾತು ಮಾತ್ರ ಮುಗಿಯಲ್ಲ." ಕುಕ್ಕರಿನ ಕಥೆ ಹೇಳಿದೆ. ಬಾಣಲೆಯ ಕಥೆ ಹೇಳಿದೆ. ಮೊಮ್ಮಗಳಿಗೆ ಅವರು ಏನೋ ಹೇಳಬೇಕೆಂದಿದ್ದಾರೆ, ಏನೆಂದು ನನಗೂ ಹೇಳಿಲ್ಲ ಎಂದೆ. ಶಾಲ್ಮಲಿ ಆ ಗೆರೆಯನ್ನು ಬೆರಳಿನಿಂದ ನಿಧಾನವಾಗಿ ಹಿಂಬಾಲಿಸಿದಳು, ಮೇಲೆ, ಕೆಳಗೆ, ಮತ್ತೆ ಮೇಲೆ.

"ಗೆರೆ ತಪ್ಪಿಲ್ಲ ಅಲ್ವಾ," ಎಂದಳು ಕೊನೆಗೆ. "ಅಷ್ಟು ನಡೆದಿರೋದು ನಿಜ."

"ನಿಜ. ಗೆರೆಯ ಮೇಲೆ ನನಗೆ ಜಗಳ ಇಲ್ಲ. ನೀನು ಅವರ ಕೈ ಕುಲುಕಿದೆಯಲ್ಲ, ಅದರ ಮೇಲೆ."

ಅವಳು ಮುಖ ಚಿಕ್ಕದು ಮಾಡಿಕೊಂಡಳು. ನನಗೆ ಪಾಪವೆನಿಸಿದರೂ ಬಿಡಲಿಲ್ಲ. ಇಂಥ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ. "ನೋಡಮ್ಮ, ಋಣ ಆಗುತ್ತೆ ಅಂತೀಯಲ್ಲ, ಆಗುತ್ತೆ. ಆಗಲಿ. ಉತ್ತರ ವಾಲುತ್ತೆ ಅಂತೀಯಾ. ಉಣ್ಣದೇ ಇದ್ದರೆ ಉತ್ತರ ಬರೋದೇ ಇಲ್ಲ, ಎಲ್ಲಿಂದ ವಾಲುತ್ತೆ? ವಾಲಿದ್ದನ್ನ ಆಮೇಲೆ ನೆಟ್ಟಗೆ ಮಾಡಬಹುದು. ಅದಕ್ಕೇ ತಾನೆ ನಿಮ್ಮನ್ನ ಅಷ್ಟು ಓದಿಸಿರೋದು?"

ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು. ಅವಳು ಪ್ರಶ್ನೆ ಕೇಳಿದಳು, ನಾನು ಹೇಳಿದೆ. ಎಷ್ಟೋ ವರ್ಷಗಳ ನಂತರ ಒಬ್ಬ ನಿರ್ದೇಶಕಿ ನನಗೆ ಪ್ರಶ್ನೆ ಕೇಳುತ್ತಿದ್ದಳು. ಆಮೇಲೆ ಅವಳು ಹುಬ್ಬು ಗಂಟಿಕ್ಕಿ ಮುಂದೆ ಬಾಗಿದಳು. "ಸ್ವಲ್ಪ ಜೋರಾಗಿ ಹೇಳಿ ಮೇಡಂ." ಜೋರಾಗಿ ಹೇಳಿದೆ. "ಏನಂದ್ರಿ?" ಮತ್ತೆ ಹೇಳಿದೆ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅರ್ಥವಾಗಿ, ತಪ್ಪು ಮಾಡಿದವಳ ಹಾಗೆ ನನ್ನನ್ನು ನೋಡಿದಳು. "ಮೇಡಂ, ಹಸಿವಾಗಿಬಿಟ್ಟಿದೆ."

ನಾನು ಹೇಳುತ್ತಿದ್ದುದು ಇಷ್ಟೇ: ಸೋಮವಾರ ಊಟಕ್ಕೆ ಬಾ. ಅದು ಅವಳಿಗೆ ಕೇಳಲಿಲ್ಲ. ಬರೆದುಕೊಡಲು ನನಗೆ ಮನಸ್ಸಾಗಲಿಲ್ಲ.

ಶುಕ್ರವಾರದ ಸಭೆಗೆ ನನ್ನನ್ನು ಕರೆದಿರಲಿಲ್ಲ. ಸಭೆಗೆ ಚಹಾ ಕೊಟ್ಟು ಬಂದ ಜವಾನ ಸಾಕಮ್ಮನ ಎಲೆಯಡಿಕೆ ಹಾಕಿಕೊಳ್ಳುತ್ತ ವರದಿ ಒಪ್ಪಿಸಿದ. ಪಡಸಾಲೆಯ ವಿಷಯ ಬರಲೇ ಇಲ್ಲವಂತೆ. ರಿಜಿಸ್ಟ್ರಾರರು, ಊಟದ ಮನೆ ತೆಗೆದುಹಾಕುವುದು ಏನಾಯಿತೆಂದು ಕೇಳಿದರೆ, ನಿರ್ದೇಶಕಿಯವರು, "ಇನ್ನೂ ಕೇಳಿ ಮುಗಿದಿಲ್ಲ ಸಾರ್" ಎಂದರಂತೆ. ಏನು ಕೇಳಿ ಮುಗಿದಿಲ್ಲವೆಂದು ಯಾರಿಗೂ ಅರ್ಥವಾಗದೆ ಮುಂದಿನ ವಿಷಯಕ್ಕೆ ಹೋದರಂತೆ.

"ಉಳೀತು ಅಂತಲೋ, ಇನ್ನೊಂದು ದಿನ ತಲೆ ಕಡೀತಾರೆ ಅಂತಲೋ?" ಎಂದಳು ಸಾಕಮ್ಮ. ನನಗೂ ಗೊತ್ತಿರಲಿಲ್ಲ. ಶನಿವಾರ, ಭಾನುವಾರ ಮನೆಯಲ್ಲಿ ಕುಳಿತು ಎಲ್ಲರ ಮೇಲೂ ರೇಗಿದೆ. ಹಾಲಿನವನಿಗೆ ದೋಸೆ ತಿನ್ನಿಸಿ ಅವನಿಗೂ ಎರಡು ಮಾತು ಅಂದೆ. ಅವನು, "ನಿಮ್ಮ ದೋಸೆಗಿಂತ ಮಾತೇ ಖಾರ ಅಮ್ಮ" ಎಂದು ಇನ್ನೊಂದು ಹಾಕಿಸಿಕೊಂಡ.

ಸೋಮವಾರ ಎಲೆ ಹಾಕಿದರು. ಚೆನ್ನವೀರಪ್ಪನವರು ತಮ್ಮ ಜಾಗದಲ್ಲಿ, ನಾನು ಅವರ ಪಕ್ಕ. ಸಾಕಮ್ಮ ಹಂಡೆ ಇಳಿಸುತ್ತಿದ್ದಳು. ಎದುರು ಸಾಲಿನ ಸಂಶೋಧಕರು ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ತಲೆಯೆತ್ತಿದರೆ ಬಾಗಿಲಲ್ಲಿ ಶಾಲ್ಮಲಿ, ಕೈಯಲ್ಲಿ ಅದೇ ಸ್ಟೀಲಿನ ಡಬ್ಬಿ. ಮತ್ತೆ ಡಬ್ಬಿ! ಮೊದಲ ನಿರ್ದೇಶಕರ ಕ್ಯಾರಿಯರ್ ನೆನಪಾಗಿ ನನ್ನ ತಲೆ ಬಿಸಿಯಾಯಿತು. ಇಷ್ಟೆಲ್ಲ ಹೇಳಿದ್ದು ಬಂದ ದಾರಿಗೆ ಸುಂಕವಿಲ್ಲದಂತಾಯಿತಲ್ಲ ಎಂದುಕೊಂಡೆ.

ಅವಳು ಎದುರು ಸಾಲಿಗೆ ಹೋಗಲಿಲ್ಲ. ನಮ್ಮ ಸಾಲಿಗೆ ಬಂದು, ನನ್ನ ಮತ್ತು ಚೆನ್ನವೀರಪ್ಪನವರ ನಡುವೆ ಜಾಗ ಮಾಡಿಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಳು. "ತಗೋಬಾರದು ಅಂತ ನಿಯಮ ಇದೆ ಮೇಡಂ," ಎಂದಳು ನನ್ನ ಕಿವಿಯ ಹತ್ತಿರ, ಮೆಲ್ಲಗೆ. "ಕೊಡೋದರ ಬಗ್ಗೆ ಏನಿದೆ ಅಂತ ಇನ್ನೂ ಓದಿಲ್ಲ. ಸದ್ಯಕ್ಕೆ ಓದಲ್ಲ."

ಡಬ್ಬಿ ತೆರೆದಳು. ನಾಲ್ಕು ಚಪಾತಿ, ಹುರುಳೀಕಾಯಿ ಪಲ್ಯ. ಈ ಸಲ ಇಬ್ಬರಿಗಾಗುವಷ್ಟು ಮಾಡಿ ತಂದಿದ್ದಳು. ಅವಳ ಬಿ.ಪಿ. ನೆನಪಾಯಿತು, ಇದಕ್ಕೂ ಉಪ್ಪಿಲ್ಲ. ಚೆನ್ನವೀರಪ್ಪನವರ ಮನೆಯ ಪುಟ್ಟ ಕುಕ್ಕರಿನದೂ ಹೀಗೆಯೇ ಇರುತ್ತದೆ. ಸಾಕಮ್ಮನ ಹಂಡೆ ಬಿಟ್ಟರೆ ಇಡೀ ಊರಿನಲ್ಲಿ ಡಾಕ್ಟರ ಮಾತು ಮೀರದೆ ಅವರು ಹಂಚಿಕೊಂಡು ಉಣ್ಣಬಹುದಾದ ಇನ್ನೊಂದು ಡಬ್ಬಿ ಅದೊಂದೇ ಇತ್ತೇನೋ.

ಚೆನ್ನವೀರಪ್ಪನವರು ಡಬ್ಬಿ ನೋಡಿದರು, ಅವಳನ್ನು ನೋಡಿದರು, ನನ್ನ ಕಡೆ ಒಮ್ಮೆ ಓರೆಗಣ್ಣು ಬೀರಿದರು. ಅವರ ತುಟಿ ಆಗಲೇ ಆಡಲು ಶುರುವಾಗಿತ್ತು, ಯಾರಿಗೂ ಮುಗಿಸಲಾಗದ ಆ ಮಾತು. ನನಗೆ ಕೇಳುತ್ತಿತ್ತು, ಅವಳಿಗೆ ಇನ್ನೂ ಇಲ್ಲ. ಶಾಲ್ಮಲಿ ಒಂದು ಚಪಾತಿ ಮುರಿದು ಅರ್ಧ ತನ್ನ ಕೈಯಲ್ಲಿ ಇಟ್ಟುಕೊಂಡಳು. ಆಮೇಲೆ ಡಬ್ಬಿಯನ್ನು ಅವರ ಎಲೆಯ ಮೇಲೆ ಇಟ್ಟಳು.